ಲಾರೆನ್ಸಣ್ಣನ ಕೈಗುಣ

ಲಾರೆನ್ಸಣ್ಣ, ನಿಮ್ಮ ನಲವತ್ತು ಕ್ರಿಸ್ಮಸ್ ಮರಗಳನ್ನು ಕೊಂದದ್ದು ನಾನು. ನಿಮ್ಮ ಕೈಯಲ್ಲ. ಈ ಒಂದು ಸಾಲು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ಬರೆದ ಮೇಲೂ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ. ನಾನು ಬದಲಾಗಿಲ್ಲ, ನೋಡಿ.

ಮಳೆಯೇ ಬಾರದ ದೋಹಾಕ್ಕೆ ಊರಿನಿಂದ ಎರಡು ಕೊಡೆ ತಂದವನು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕಂಪನಿ ಬಸ್ಸಿನಿಂದ ಇಳಿದು ಬಿನ್ ಒಮ್ರಾನ್ ಬಡಾವಣೆಯ ನನ್ನ ಕೋಣೆಗೆ ಓಡುತ್ತಿದ್ದವನು. ಅಂಥವನ ಕೈಗೆ ನೀವು ನಿಮ್ಮ ಮರಗಳನ್ನು ಒಪ್ಪಿಸಿ ಹೋದಿರಿ. ಇಷ್ಟು ಹೆದರುವವನು ತಪ್ಪು ಮಾಡಲಾರ ಎಂದುಕೊಂಡಿರಬೇಕು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಏಷ್ಯನ್ ಗೇಮ್ಸ್‌ಗೆಂದು ಊರಿಡೀ ಹಸಿರು ಹಾಸುತ್ತಿದ್ದ ವರ್ಷ ಅದು. ನರ್ಸರಿಯಲ್ಲಿ ನೀವು ಫೋರ್‌ಮನ್, ನಾನು ಸ್ಟೋರ್ ಕೀಪರ್. ಮದ್ದು, ಗೊಬ್ಬರ, ಪೈಪು ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿ. ನೆರಳು ಬಲೆಯ ಕೆಳಗೆ ನೀವು ಸಸಿಯಿಂದ ಸಾಕಿದ್ದ ಆ ಮರಗಳು, ಮೆಟ್ಟಿಲು ಮೆಟ್ಟಿಲಾಗಿ ಕೊಂಬೆ ಚಾಚಿ ನಿಂತಿದ್ದವು. ಡಿಸೆಂಬರಿಗೆ ಕುಂಡಗಳಿಗೆ ಏರಿ ಹೋಟೆಲುಗಳಿಗೆ ಹೋಗಬೇಕು. ಒಂದು ಮಾತ್ರ ನಿಮ್ಮ ಪ್ರಾರ್ಥನಾ ಕೂಟಕ್ಕೆ. ನಿಮ್ಮ ಕೈಗುಣ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನವರೆಗೂ ಹೆಸರಾಗಿತ್ತು. ಹಾಲಿನ ಪುಡಿಯ ಡಬ್ಬದಲ್ಲಿ ಕರಿಬೇವಿನ ಸಸಿ ಹಿಡಿದು ಮಲಯಾಳಿಗಳು ನಿಮಗಾಗಿ ಕಾಯುತ್ತಿದ್ದರು, ನೀವೊಮ್ಮೆ ಮುಟ್ಟಿ ಮಣ್ಣಿಗಿಟ್ಟರೆ ಸಾಕೆಂದು.

ಮಗಳ ಮದುವೆಗೆ ಒಂದು ತಿಂಗಳ ರಜೆಯಲ್ಲಿ ಹೊರಟ ದಿನ ನೀವು ಹೇಳಿದ್ದು ಎರಡೇ ಮಾತು.

“ಮದ್ದು ಮಾತ್ರ ಮುಟ್ಬೇಡ ಮಾರಾಯ. ಈ ಮರಕ್ಕೆ ಆಗುದಿಲ್ಲ. ಗಡ್ಡೆ ಹುಲ್ಲು ಬಂದ್ರೆ ಕೂತು ಕೀಳು.”

“ಕೂತ್ರೆ ನನ್ಗೆ ಏಳ್ಲಿಕ್ಕೆ ಆಗುದಿಲ್ಲ ಲಾರೆನ್ಸಣ್ಣ.”

“ಹಾಗಾದ್ರೆ ಮಲ್ಗಿ ಕೀಳು!”

ಮೊದಲ ವಾರ ಕೂತೇ ಕಿತ್ತೆ. ಕೆಲಸದವರೆಲ್ಲ ಗೇಮ್ಸ್‌ನ ಸೈಟುಗಳಿಗೆ ಹೋಗಿದ್ದರು, ನಾನೊಬ್ಬನೇ. ಗಡ್ಡೆ ಹುಲ್ಲಿನ ಬುದ್ಧಿ ನಿಮಗೆ ಗೊತ್ತು — ಎಳೆದರೆ ಎಲೆ ನಮ್ಮ ಕೈಗೆ, ಗಡ್ಡೆ ಮಣ್ಣಿನೊಳಗೆ. ಮೂರನೆಯ ದಿನಕ್ಕೆ ಮತ್ತೆ ಹಾಜರು. ಎರಡನೆಯ ವಾರ ಹುಲ್ಲು ಮೊಣಕಾಲಿಗೆ ಬಂತು. ನೀವು ಬಂದು ನೋಡಿದರೆ ಏನನ್ನುವಿರೋ ಎಂಬ ಹೆದರಿಕೆ ನಿದ್ದೆಯನ್ನೂ ತಿಂದಿತು. ಹೆದರಿಕೆಯಿಂದಲೇ ಸ್ಟೋರಿನ ಬೀಗ ತೆಗೆದೆ.

ಕಳೆಯ ಮದ್ದಿನ ಚೀಟಿಯನ್ನು ನಾಲ್ಕು ಸಲ ಓದಿದೆ. ಮುಖಕ್ಕೆ ಬಟ್ಟೆ, ಕಣ್ಣಿಗೆ ಕನ್ನಡಕ. ಪ್ರತಿ ಮರದ ಕೆಳಗಿನ ಕೊಂಬೆಗಳಿಗೆ ಪ್ಲಾಸ್ಟಿಕ್ ಚೀಲ ತೊಡಿಸಿದೆ — ಶಾಲೆಗೆ ಹೊರಟ ಮಕ್ಕಳಿಗೆ ಟೊಪ್ಪಿ ಹಾಕಿದ ಹಾಗೆ. ಇಷ್ಟೆಲ್ಲ ಮಾಡಿ, ಹುಲ್ಲು ಸಾಯದಿದ್ದರೆ ಎಂಬ ಇನ್ನೊಂದು ಹೆದರಿಕೆಗೆ ಎರಡು ಮುಚ್ಚಳ ಹೆಚ್ಚೇ ಹಾಕಿದೆ, ‘ಇರಲಿ’ ಎಂದು. ಮೊದಲ ಸಾಲು ಮುಗಿಯುವಷ್ಟರಲ್ಲಿ ಗಾಳಿ ಎದ್ದಿತು. ಚೀಲಗಳು ಕಳಚಿ ಬಲೆಗೆ ಅಂಟಿಕೊಂಡವು. ನಿಲ್ಲಿಸಬೇಕಿತ್ತು. ಆದರೆ ಬೆರೆಸಿದ ಮದ್ದನ್ನು ಎಲ್ಲಿ ಚೆಲ್ಲುವುದು, ಯಾರಾದರೂ ನೋಡಿದರೆ — ಟ್ಯಾಂಕಿ ಖಾಲಿಯಾಗುವ ತನಕ ಹೊಡೆದೆ.

ಹುಲ್ಲು ಸತ್ತಿತು. ಒಣಗಿದ್ದನ್ನು ಕೈಯಿಂದ ಕಿತ್ತು, ಮಣ್ಣು ಕೆದರಿ, ಎಲ್ಲವನ್ನೂ ಕೈಯಲ್ಲೇ ಕಿತ್ತವನಂತೆ ಕಾದು ನಿಂತೆ. ಮರಗಳು ಹಸಿರಾಗಿಯೇ ಇದ್ದವು. ಈ ಮದ್ದು ಮರದ ಮೇಲೆ ನಿಧಾನವಾಗಿ ಕೆಲಸ ಮಾಡುತ್ತದೆಂದು ನನಗಾಗ ತಿಳಿದಿರಲಿಲ್ಲ.

ನೀವು ಬಂದಿರಿ. “ಒಂದು ಹುಲ್ಲಿಲ್ಲವಲ್ಲ ಮಾರಾಯ! ನಿನ್ಗೂ ಕೈ ಉಂಟು,” ಎಂದು ಬೆನ್ನು ತಟ್ಟಿದಿರಿ. ನಾನು ನಕ್ಕೆ. ಆ ವಾರವೇ ನೀವು ನಲವತ್ತನ್ನೂ ಒಬ್ಬರೇ ಬೇರು ಸಮೇತ ಎತ್ತಿ ಕುಂಡಗಳಿಗೆ ಇಳಿಸಿದಿರಿ, ಒಂದೊಂದರ ಜೊತೆಗೂ ಕೊಂಕಣಿಯಲ್ಲಿ ಏನೋ ಮಾತಾಡುತ್ತ. ಹದಿನೈದು ದಿನದಲ್ಲಿ ತುದಿಗಳು ಹಳದಿಯಾದವು, ಮುರುಟಿದವು, ಕಂದಿದವು.

ಆಗ ನೀವು ಕುಂಡದ ಮುಂದೆ ಕೂತು ತಲೆಯೆತ್ತದೆ ಕೇಳಿದಿರಿ: “ವಿಠಲ, ನಾನಿಲ್ಲದಾಗ ಎಂತಾದ್ರೂ ಹಾಕಿದ್ಯಾ?”

“ಇಲ್ಲ ಲಾರೆನ್ಸಣ್ಣ. ಎತ್ತುವಾಗ ಬೇರು ಅಲುಗಿರ್ಬೇಕು.”

ಇಷ್ಟೇ. ‘ಇಲ್ಲ’ ಎಂದು ನಿಲ್ಲಿಸಿದ್ದರೆ ಅದೊಂದು ಸುಳ್ಳು ಮಾತ್ರವಾಗುತ್ತಿತ್ತು. ಮುಂದಿನ ಮಾತು ನಿಮ್ಮ ಕೈಯ ಮೇಲೆ ಹೊರಿಸಿದ್ದು. ನೀವು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಿರಿ. ಮಣ್ಣು ಮೆತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡು ಎದ್ದಿರಿ.

ಮ್ಯಾನೇಜರ್ ಬಂದು “ಖಲಾಸ್” ಅಂದ. “ತಪ್ಪು ನನ್ನದೇ” ಎಂದು ನೀವು ಅವನಿಗೆ ಹೇಳಿದಿರಿ. ನಾನು ಪಕ್ಕದಲ್ಲೇ ಇದ್ದೆ, ಬೀಗದ ಕೈ ಎಣಿಸುತ್ತ. ನೆಡುವ ಕೆಲಸ ಬೇಡವೆಂದು ನೀವೇ ಕೇಳಿ ರಸ್ತೆ ಬದಿಯ ಗಿಡ ಕತ್ತರಿಸುವ ತಂಡಕ್ಕೆ ಹೋದಿರಿ. ಕರಿಬೇವಿನ ಡಬ್ಬಗಳು ಬಂದರೆ “ಮಾಫಿ, ಮಾಫಿ” ಎಂದು, ಇಲ್ಲ ಇಲ್ಲವೆಂದು ಅರಬ್ಬಿಯಲ್ಲಿ ಹೇಳಿ, ನಗುತ್ತ ವಾಪಸು ಕಳಿಸಿದಿರಿ.

ಹಬ್ಬಕ್ಕೆ ನಿಮ್ಮ ಕೂಟದ ಫ್ಲ್ಯಾಟಿಗೆ ನನ್ನನ್ನೂ ಕರೆದಿರಿ. ಮೂಲೆಯಲ್ಲಿ ಅದೇ ಸತ್ತ ಮರ, ಕಂದು ಕೊಂಬೆಗಳ ತುಂಬ ಹತ್ತಿ. “ಹಿಮ ಬಿದ್ರೆ ಬಣ್ಣ ಯಾರಿಗೆ ಕಾಣ್ತದೆ?” ಎಂದು ಮಕ್ಕಳನ್ನು ನಗಿಸುತ್ತಿದ್ದಿರಿ. ಹೊರಡುವಾಗ ಊರಿನಿಂದ ಬಂದ ಕುಸ್ವಾರಿನ ದೊಡ್ಡ ಡಬ್ಬವನ್ನು, ಹಬ್ಬದ ಆ ಸಿಹಿಗಳನ್ನೆಲ್ಲ, ನನ್ನ ಕೈಗಿಟ್ಟಿರಿ. “ಕಳೆ ಕಿತ್ತು ಕಿತ್ತು ನಿನ್ನ ಸೊಂಟ ಹೋಗಿರ್ಬೇಕು. ತಿನ್ನು.”

ತಿಂದೆ ಲಾರೆನ್ಸಣ್ಣ. ಒಂದೂ ಬಿಡದೆ ತಿಂದೆ. ಅದನ್ನೂ ಹೇಳಿಬಿಡಬೇಕು.

ಇಷ್ಟು ವರ್ಷ, ನೀವು ಮರೆತಿರಬಹುದು ಎಂದು ನಂಬಿದ್ದೆ. ಹೋದ ವಾರ ಊರಿನಿಂದ ಫೋನಿನಲ್ಲಿ ನೀವೇ ಅಂದಿರಿ: “ಮೊಮ್ಮಗಳು ಮಲ್ಲಿಗೆ ಗಿಡ ತಂದು ನೀವೇ ನೆಡಿ ಅಂತ ಹಠ. ನನ್ನ ಕೈ ಕೆಟ್ಟದ್ದಲ್ವಾ ಮಾರಾಯ? ಅವಳ ಕೈಯಲ್ಲೇ ನೆಡ್ಸಿದೆ. ನಾನು ದೂರ ನಿಂತೆ.” ಹೇಳಿ ನಕ್ಕಿರಿ. ನಾನು — ಮಳೆ ಹೇಗುಂಟು ಅಲ್ಲಿ ಎಂದು ಕೇಳಿದೆ.

ಇದನ್ನು ಅಂಚೆಗೆ ಹಾಕಿದರೆ ಕಳೆದುಹೋದೀತೆಂಬ ಹೆದರಿಕೆ. ಹಾಕದಿದ್ದರೆ ನಾಳೆ ನಾನೇ ಹರಿದುಹಾಕುತ್ತೇನೆಂಬ ಹೆದರಿಕೆ. ಎರಡನೆಯದು ದೊಡ್ಡದು, ಇವತ್ತೇ ಹಾಕುತ್ತೇನೆ. ಮುಂದಿನ ತಿಂಗಳು ದೋಹಾದಿಂದ ರಜೆಯಲ್ಲಿ ಊರಿಗೆ ಬಂದು ನಿಮ್ಮ ಗೇಟಿನ ಹೊರಗೆ ನಿಲ್ಲುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮ್ಮ ಮನಸ್ಸು. ಕೈಯಲ್ಲಿ ಒಂದು ಸಸಿ ಇರುತ್ತದೆ. ನನ್ನನ್ನು ಕರೆಯದಿದ್ದರೂ ಅದನ್ನು ತೆಗೆದುಕೊಳ್ಳಿ. ನೀವೇ ನೆಡಿ, ನಿಮ್ಮ ಕೈಯಿಂದಲೇ. ಕಳೆ ಬಂದರೆ ಹೇಳಿ ಕಳಿಸಿ. ಕೂತು ಕೀಳುತ್ತೇನೆ. ಕೂರಲಾಗದಿದ್ದರೆ, ಮಲಗಿ.