ಅಜ್ಜಿ ಹುಟ್ಟಿದ ತೋಪು

ನನ್ನ ಮಗಳ ಮದುವೆಗೆ ಬರಲಾಗದಿದ್ದ ಸೋದರತ್ತೆ, ಸೊಂಟನೋವು ತುಸು ಇಳಿದ ಮೇಲೆ ಜಗಳೂರಿನಿಂದ ನ್ಯಾಮತಿಗೆ ಬಂದರು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ, "ಆ ತೋಪು ಇನ್ನೂ ಐತೇನಪ್ಪ? ಒಂದ್ಸಲ ನೋಡಾಕೆ ಕರ್ಕಂಡು ಹೋಗು" ಎಂದರು.

ತೋಪು ಇತ್ತು. ಅವರ ಕಾಲಕ್ಕೆ ಊರಾಚೆ ಇದ್ದದ್ದು ಈಗ ಊರ ನಡುವೆ ಬಂದಿದೆ. ತಾಲ್ಲೂಕು ಆದ ಮೇಲೆ ಸುತ್ತಲೂ ಸೈಟು, ಮನೆ, ಅಂಗಡಿ. ಮಧ್ಯೆ ಹುಣಸೆ, ಹಿಪ್ಪೆ, ಮಾವಿನ ಹಳೆಯ ಮರಗಳು. ದಿನವೂ ಅದರ ಪಕ್ಕದಲ್ಲೇ ಬೈಕಿನಲ್ಲಿ ಹೋಗುತ್ತಿದ್ದರೂ ಒಳಗೆ ಕಾಲಿಟ್ಟು ವರ್ಷಗಳಾಗಿದ್ದವು.

ಒಳಗೆ ಹೋದಾಗ ಅತ್ತೆ ಒಂದು ದೊಡ್ಡ ಹಿಪ್ಪೆಮರವನ್ನು ಮುಟ್ಟಿ ನಿಂತರು.

"ಸಂತೆಗೆ ಬರೋ ಗಾಡಿಯೋರು ಇಲ್ಲೇ ಎತ್ತು ಬಿಚ್ತಿದ್ರು. ಅದಕ್ಕೂ ಮುಂಚೆ, ಪ್ಲೇಗ್ ಬಂದಾಗ, ಊರಿಗೆ ಊರೇ ಮನೆ ಬಿಟ್ಟು ಇಲ್ಲಿ ಗುಡ್ಲು ಹಾಕ್ಕಂಡಿತ್ತಂತೆ. ನಮ್ಮವ್ವ, ಅಂದ್ರೆ ನಿಮ್ಮಜ್ಜಿ, ಹುಟ್ಟಿದ್ದು ಈ ಮರದ ಬುಡದಾಗೆ. ಸೀರೆ ಮರೆ ಕಟ್ಟಿ ಹೆರಿಗೆ ಮಾಡ್ಸಿದ್ರಂತೆ. ನಿಮ್ಮಪ್ಪ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಜ್ಜಿಯ ಮಡಿಲಲ್ಲೇ ಬೆಳೆದವನು ನಾನು.

ಅಷ್ಟರಲ್ಲಿ ಅತ್ತೆ ಬಗ್ಗಿ ಬೇರಿನ ಸಂದಿಯಿಂದ ಒಂದು ನೀರಿನ ಬಾಟಲಿ ಎತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡು ನೋಡಿ, "ಇದ್ರಾಗಿರೋದು ನಮ್ಮ ಹುಡ್ಗಿ ಅಲ್ಲೇನಪ್ಪ?" ಎಂದರು.

ಹೌದು. ವಧೂವರರ ಫೋಟೋ ಅಂಟಿಸಿ ಮದುವೆಗೆಂದೇ ಮಾಡಿಸಿದ್ದ ಬಾಟಲಿ. ಆಚೆಗೆ ಅಂಥವೇ ಇನ್ನಷ್ಟು, ಜೊತೆಗೆ ಪೇಪರ್ ಲೋಟ, ಪ್ಲಾಸ್ಟಿಕ್ ತಟ್ಟೆಗಳ ರಾಶಿ. ನಾಯಿಗಳು ಎಳೆದಾಡಿ ಮರದ ಬುಡದವರೆಗೂ ಹರಡಿದ್ದವು. ಮದುವೆಯ ಕಸ ತುಂಬಿಕೊಂಡ ಟ್ರ್ಯಾಕ್ಟರಿನವನು "ಎಲ್ಲಾ ಕ್ಲೀನಾತು ಬಿಡ್ರೀ" ಅಂದಿದ್ದ. ಎಲ್ಲಿಗೆ ಒಯ್ಯುತ್ತೀಯ ಎಂದು ಕೇಳುವುದು ನನಗೆ ಹೊಳೆದೇ ಇರಲಿಲ್ಲ.

"ಟ್ರ್ಯಾಕ್ಟರ್‌ನೋನು ಸುರಿದಾನೆ ಅತ್ತೆ" ಎಂದೆ. ಹಾಗೆ ಹೇಳಿದ ನನ್ನ ದನಿ ನನಗೇ ಹೇಸಿಗೆ ಅನ್ನಿಸಿತು.

ಅತ್ತೆ ಬೈಯಲಿಲ್ಲ. ಸೆರಗಿನಿಂದ ಫೋಟೋದ ಮೇಲಿನ ಮಣ್ಣು ಒರೆಸತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎದುರಿನ ಅಂಗಡಿಯಿಂದ ಖಾಲಿ ಚೀಲ ತಂದು ಆರಿಸತೊಡಗಿದೆ. ದಾರಿಹೋಕರೊಬ್ಬರು ನಿಂತು, "ಏನ್ರೀ, ಏನಾರ ಕಳ್ಕಂಡ್ರಾ?" ಎಂದು ವಿಚಾರಿಸಿದರು. ತಲೆ ಎತ್ತಲಾಗಲಿಲ್ಲ. ಚೀಲ ತುಂಬಿತು, ರಾಶಿ ಕರಗಲಿಲ್ಲ. "ನಾಳೆ ಬರಾಣ, ನಡಿ" ಎಂದರು ಅತ್ತೆ.

ಮರುದಿನ ಹೆಂಡತಿಯೂ ಬಂದಳು. ವಾರದಲ್ಲಿ ನೆಲ ಕಂಡಿತು. ಯಾರಿಂದಲೋ ಸುದ್ದಿ ತಿಳಿದ ಮಗಳು ಫೋನು ಮಾಡಿ, "ತೋಪಿನಲ್ಲಿ ಏನ್ಮಾಡ್ತಿದೀರಪ್ಪ?" ಎಂದು ಕೇಳಿದಾಗ ಮುತ್ತಜ್ಜಿ ಹುಟ್ಟಿದ ಕಥೆ ಹೇಳಿದೆ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.