ಹಕ್ಕಿ ನಿಲ್ಲುತ್ತಿದ್ದ ದಿಬ್ಬ

ಉತ್ತರದ ಕಡಲಿನ ನಮ್ಮ ಗ್ರುನಾಸೆ ದ್ವೀಪದಲ್ಲಿ ಬೇಸಿಗೆಯ ಹೊತ್ತು ವಾರ್ಡ್ ಗುಡ್ಡ ಹತ್ತುವವರು ಕೈಯಲ್ಲಿ ಕೋಲು ಹಿಡಿದು, ಅದನ್ನು ನೆಲಕ್ಕೆ ಊರದೆ ತಲೆಯ ಮೇಲಕ್ಕೆ ಎತ್ತಿಕೊಂಡು ನಡೆಯುತ್ತಿದ್ದರು. ಕಾರಣ ಬಾಂಕ್ಸಿ. ಹುಂಜದಷ್ಟು ದಪ್ಪನಾದ ಕಂದು ಬಣ್ಣದ ಕಡಲಹಕ್ಕಿ ಅದು. ಬೇರೆ ಹಕ್ಕಿ ಹಿಡಿದ ಮೀನನ್ನು ಬಾಯಿಂದಲೇ ಕಕ್ಕಿಸಿ ತಿನ್ನುವ ಜಾತಿ. ಹುಲ್ಲಿನಲ್ಲಿ ಮೊಟ್ಟೆ ಇಟ್ಟಿರುವಾಗ ಯಾರು ಹತ್ತಿರ ಸುಳಿದರೂ ಮೇಲಿನಿಂದ ನೇರ ತಲೆಗೇ ಎರಗುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಏನು ಕಾಣುತ್ತದೋ ಅದಕ್ಕೆ ಬಡಿಯುವುದು ಅದರ ಚಾಳಿ. ಕೋಲಿಗೆ ಬಡಿಯಲಿ, ತಲೆ ಉಳಿಯಲಿ ಎಂಬುದು ನಮ್ಮ ಲೆಕ್ಕ.

ಓಸ್ಲಾ ಇಂಕ್‌ಸ್ಟರ್ ಮಾತ್ರ ಆ ಕೋಲನ್ನು ಬೆನ್ನಿನ ಚೀಲಕ್ಕೆ ಸಿಕ್ಕಿಸಿಕೊಂಡು, ತುದಿ ತಲೆಯ ಮೇಲೆ ಬರುವಂತೆ ಮಾಡಿಕೊಳ್ಳುತ್ತಿದ್ದಳು. ಕ್ಯಾಮೆರಾ ಹಿಡಿಯಲು ಅವಳಿಗೆ ಎರಡೂ ಕೈ ಬೇಕಿತ್ತು.

ಹರೆಯದಲ್ಲಿ ಅವಳು ಲರ್ವಿಕ್ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ದುಡಿದವಳು. ಅಮ್ಮ ಹಾಸಿಗೆ ಹಿಡಿದಾಗ ಊರಿಗೆ ಬಂದಳು. ಬರುವಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಒಂದು ಕ್ಯಾಮೆರಾ. ಅಮ್ಮ ಹೋದ ಮೇಲೆ ಮತ್ತೆ ಪಟ್ಟಣಕ್ಕೆ ಹೊರಡಬೇಕೆಂದು ಅಂದುಕೊಂಡಳು. ಆ ವರ್ಷ ಕುರಿಗಳನ್ನು ಯಾರೂ ಕೊಳ್ಳಲಿಲ್ಲ, ಮರುವರ್ಷ ಛಾವಣಿ ಹಾರಿತು, ಹೀಗೆ ಏನಾದರೊಂದು. ಕೊನೆಗೆ ಹೊರಡುವ ಮಾತನ್ನು ಅವಳೂ ಎತ್ತಲಿಲ್ಲ, ಬೇರೆಯವರೂ ಕೇಳಲಿಲ್ಲ. ಪಟ್ಟಣದ ಫೆರಿ ಹಡಗು ಬಂದ ದಿನ ಧಕ್ಕೆಯಲ್ಲಿ ನಿಂತು ಅದರ ಹಗ್ಗ ಹಿಡಿದು ಗೂಟಕ್ಕೆ ಸುತ್ತುವ ಕೆಲಸ ಅವಳದಾಯಿತು. ಉಳಿದ ದಿನ ಕುರಿ. ಕುರಿಯ ಕೆಲಸ ಮುಗಿದರೆ ಗುಡ್ಡ.

ಗುಡ್ಡದಲ್ಲಿ ಚಿತ್ರ ತೆಗೆಯಲು ಬೇಕಾದಷ್ಟಿತ್ತು. ಬಂಡೆಯಂಚಿನಲ್ಲಿ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು, ಕೊಳದಲ್ಲಿ ಕೆಂಪು ಕೊರಳಿನ ನೀರುಹಕ್ಕಿ, ಕೆಳಗೆ ಕಡಲಪಾಚಿಯ ನಡುವೆ ನೀರುನಾಯಿ. ಬೇಸಿಗೆಯಲ್ಲಿ ಬರುವ ಪ್ರವಾಸಿಗರೆಲ್ಲ ಇವುಗಳ ಹಿಂದೆಯೇ ಹೋಗುತ್ತಾರೆ. ಓಸ್ಲಾಳೂ ತೆಗೆದಳು. ಆದರೆ ಅವು ಮನುಷ್ಯರನ್ನು ಕಂಡ ಕೂಡಲೇ ಮುಖ ತಿರುಗಿಸಿ ಹೋಗುವಂಥವು. ಬಾಂಕ್ಸಿ ಹಾಗಲ್ಲ. ತನ್ನ ಪುಟ್ಟ ದಿಬ್ಬದ ಮೇಲೆ ನಿಂತು, ನೀನು ಯಾರು, ಇಲ್ಲಿ ಯಾಕೆ ಬಂದೆ ಎಂಬಂತೆ ದಿಟ್ಟಿಸಿ ನೋಡುತ್ತದೆ. ರೆಕ್ಕೆ ಮೇಲೆತ್ತಿ ಬಿಳಿ ಪಟ್ಟೆ ತೋರಿಸಿ ಕೂಗುತ್ತದೆ. ಆಮೇಲೆ ಎದುರಿಗೇ ಬರುತ್ತದೆ. ದಿನಗಟ್ಟಲೆ ಯಾರೊಂದಿಗೂ ಮಾತಿಲ್ಲದೆ ಇರುತ್ತಿದ್ದ ಓಸ್ಲಾಳಿಗೆ, ತಾನು ಬಂದದ್ದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಒಂದು ಜೀವ ಅದು. ಪಾಚಿಯ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು, ಅದು ಎರಗುವುದನ್ನೇ ಕಾಯುತ್ತಿದ್ದಳು. ಗಾಳಿಗೆ ಕೈ ನಡುಗಿ ಹೆಚ್ಚಿನ ಚಿತ್ರಗಳು ಕೆಡುತ್ತಿದ್ದವು. ಕಾಲು ಮಾತ್ರ ಬಿದ್ದದ್ದು, ಬರೀ ಆಕಾಶ ಬಿದ್ದದ್ದು. ಒಮ್ಮೊಮ್ಮೆ ಒಂದು ಸರಿಯಾಗಿ ಸಿಗುತ್ತಿತ್ತು.

ಊರಿನಲ್ಲಿ ಆ ಹಕ್ಕಿಯನ್ನು ಯಾರೂ ಮೆಚ್ಚುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವನು ವಿಲ್ಬರ್ಟ್ ಮೂಅಟ್. ಗುಡ್ಡದ ಪಡುವಣ ಮಗ್ಗುಲು ಅವನ ಕುರಿಗಳದು. ನೆಟ್ಟಾಳ ಅಂಗಡಿಯಲ್ಲಿ ಓಸ್ಲಾ ಕಂಡರೆ ಸಾಕು, ಶುರು ಮಾಡುತ್ತಿದ್ದ.

"ಏ ಹುಡುಗೀ, ನಿನ್ ಮಕ್ಳು ನಿನ್ನೆ ಇನ್ನೊಂದು ಕುರಿಮರಿ ಕಣ್ಣು ಕುಕ್ಕಿದ್ವು. ಬುದ್ಧಿ ಹೇಳಲ್ವಾ?"

"ನನ್ ಮಕ್ಳಾಗಿದ್ರೆ ಮನೆಗೆ ಒಂದು ಮೀನಾದ್ರೂ ತಂದ್ಕೊಡ್ತಿದ್ವು," ಎನ್ನುತ್ತಿದ್ದಳು ಓಸ್ಲಾ. ಐವತ್ತು ದಾಟಿದರೂ ಅವನ ಬಾಯಲ್ಲಿ ಅವಳು ಹುಡುಗಿಯೇ.

"ಕಳ್ಳರಿಗೆ ಫೋಟೊ ಬೇರೆ. ಪೊಲೀಸ್ನೋರು ತೆಗೀತಾರಲ್ಲ, ಹಂಗಾ?"

"ನಿಮ್ದೂ ಒಂದು ತೆಗೀಲಾ ವಿಲ್ಬರ್ಟ್? ಹೋದ್ವರ್ಷ ನಮ್ಮ ಟಗರನ್ನ ನಿಮ್ ಬೇಲಿಯೊಳಗೆ ಇಟ್ಕೊಂಡಿದ್ರಲ್ಲ."

ನೆಟ್ಟಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ವಿಲ್ಬರ್ಟ್ ತಂಬಾಕು ಜೇಬಿಗಿಳಿಸಿ ಹೊರಡುತ್ತಿದ್ದ. ಅವನ ಸಿಟ್ಟು ಬರೀ ಮಾತಿನದಲ್ಲ. ಒಂದು ವರ್ಷ ಕುರಿ ಮರಿಹಾಕುವ ಕಾಲದಲ್ಲಿ ಅವಳು ಅವನ ಬೇಲಿ ದಾಟಿದ್ದಕ್ಕೆ, ತಾಯಿಕುರಿಗಳು ಹೆದರಿ ಚದುರಿದವೆಂದು ಊರಿಗೆಲ್ಲ ಕೇಳುವಂತೆ ಬೈದು ಕಳಿಸಿದ್ದ. ಆಮೇಲೆ ಅವಳು ಆ ಬೇಲಿಯ ಆಚೆ ಕಾಲಿಟ್ಟಿರಲಿಲ್ಲ.

ಏಪ್ರಿಲ್ ಬಂತೆಂದರೆ ಓಸ್ಲಾ ದಿನವೂ ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಿದ್ದಳು. ಚಳಿಗಾಲವಿಡೀ ದಕ್ಷಿಣದ ಕಡಲಿನಲ್ಲಿದ್ದ ಹಕ್ಕಿಗಳು ಹಿಂತಿರುಗುತ್ತಿದ್ದವು, ಪ್ರತಿಯೊಂದೂ ತನ್ನ ಹಳೆಯ ದಿಬ್ಬಕ್ಕೇ. ತೊರೆಯ ಹತ್ತಿರದ ದಿಬ್ಬಕ್ಕೆ ಬರುವ ಹೆಣ್ಣಿನ ಕುತ್ತಿಗೆಯ ಪಕ್ಕ ಹೊಂಬಣ್ಣದ ಮಚ್ಚೆಯಿತ್ತು. ಅದಕ್ಕೆ ಅವಳು ಹೆಸರಿಡಲಿಲ್ಲ. ಹೆಸರಿಟ್ಟು ಕರೆದರೆ ತಿರುಗಿ ನೋಡದ ಪ್ರಾಣಿಗೆ ಹೆಸರು ಯಾಕೆ ಎಂಬುದು ಅವಳ ಮಾತು. ಆದರೆ ಅದು ಬಂದು ನಿಂತ ದಿನ ಅವಳು ಒಲೆಯ ಮೇಲೆ ಒಣಮಾಂಸದ ಸೂಪು ಇಟ್ಟು, ಒಂದು ಬಟ್ಟಲು ಹೆಚ್ಚಿಗೆ ಕುಡಿಯುತ್ತಿದ್ದಳು.

ಹಕ್ಕಿಜ್ವರ ಬಂದ ವರ್ಷವೂ ಅದು ಬಂತು. ಗಂಡೂ ಬಂತು, ಎರಡು ಮೊಟ್ಟೆಯೂ ಆದವು. ಮೊದಲು ಕಂಡದ್ದು ಗುಡ್ಡದ ನೆತ್ತಿಯ ಕೊಳದಲ್ಲಿ. ಬಾಂಕ್ಸಿಗಳು ಗುಂಪುಗೂಡಿ ಮೀಯುವ ಜಾಗ ಅದು. ಒಂದು ದಿನ ಓಸ್ಲಾ ಹೋದಾಗ ಒಂದು ಹಕ್ಕಿ ದಡದಲ್ಲಿ ರೆಕ್ಕೆ ಇಳಿಬಿಟ್ಟು, ಕುಡಿದವರಂತೆ ತಲೆ ಅಲ್ಲಾಡಿಸುತ್ತ ಕೂತಿತ್ತು. ಮರುದಿನ ಅದು ನೀರಿನಲ್ಲಿ ಕವುಚಿ ಬಿದ್ದಿತ್ತು, ಪಕ್ಕದಲ್ಲಿ ಇನ್ನಷ್ಟು. ಆಮೇಲೆ ಹುಲ್ಲಿನಲ್ಲಿ, ಜವುಗಿನಲ್ಲಿ, ಕುರಿಯ ದಾರಿಯಲ್ಲಿ.

ಅವಳು ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸಿನ ಗಂಟಲು ಆಗಲೇ ದಣಿದಿತ್ತು.

"ಮುಟ್ಬೇಡಿ, ಹೂಳೋದೂ ಬೇಡ. ಎಲ್ಲಾ ದ್ವೀಪದಿಂದ್ಲೂ ಇದೇ ಸುದ್ದಿ. ನಿಮ್ಮ ಹತ್ರ ಕ್ಯಾಮೆರಾ ಇದ್ರೆ ಫೋಟೊ ತೆಗೆದು ಕಳ್ಸಿ, ನಮಗೆ ಅಷ್ಟು ಸಾಕು."

ಓಸ್ಲಾ ತೆಗೆದಳು. ಬೆಳಿಗ್ಗೆ ಹೊರಟು ಗುಡ್ಡವನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು, ಸತ್ತದ್ದರ ಮುಂದೆಲ್ಲ ಮೊಣಕಾಲೂರಿ ತೆಗೆದಳು. ಸತ್ತ ಹಕ್ಕಿ ಅಲುಗಾಡುವುದಿಲ್ಲ. ರೆಕ್ಕೆಯ ಒಂದೊಂದು ಎಳೆಯೂ, ಕಣ್ಣ ಸುತ್ತಿನ ಪುಟ್ಟ ಗರಿಗಳೂ ಬಿಡಿಬಿಡಿಯಾಗಿ ಬಿದ್ದವು. ಇಷ್ಟು ವರ್ಷದಲ್ಲಿ ಅಷ್ಟು ಸ್ಪಷ್ಟವಾದ ಚಿತ್ರ ಅವಳಿಗೆ ಸಿಕ್ಕಿರಲಿಲ್ಲ. ಮನೆಗೆ ಬಂದು ಅವನ್ನು ನೋಡಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕಳಿಸಿದಳು.

ತೊರೆಯ ಹತ್ತಿರದ ದಿಬ್ಬದ ಕಡೆ ಹೋಗುವುದನ್ನು ಅವಳು ಮುಂದೂಡುತ್ತಲೇ ಇದ್ದಳು. ಕೊನೆಗೆ ಹೋದಳು. ಮಚ್ಚೆಯ ಹೆಣ್ಣು ದಿಬ್ಬದ ಮೇಲೆಯೇ ಇತ್ತು, ಆದರೆ ನಿಂತಿರಲಿಲ್ಲ. ಓಸ್ಲಾ ಹತ್ತಿರ ಹೋದಳು. ಅದು ಏಳಲಿಲ್ಲ. ಇನ್ನೂ ಹತ್ತಿರ, ಎಂದೂ ಹೋಗದಷ್ಟು ಹತ್ತಿರ ಹೋದಳು. ಕೂಗಲೂ ಇಲ್ಲ. ಕೊಕ್ಕು ಸ್ವಲ್ಪ ತೆರೆದು ಅವಳ ಕಡೆ ನೋಡಿತು, ಅಥವಾ ಅವಳಿಗೆ ಹಾಗನ್ನಿಸಿತು. ಆ ರೋಗದಲ್ಲಿ ಕಣ್ಣು ಕಾಣುವುದಿಲ್ಲವೆಂದು ಹೇಳುತ್ತಾರೆ.

"ಎದ್ದು ಹೊಡಿಯೇ," ಎಂದಳು ಓಸ್ಲಾ.

ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಗಾಳಿಗೆ ಬೆನ್ನು ಕೊಟ್ಟು ಕೂತಳು. ಹಕ್ಕಿಗೂ ಗಾಳಿ ತಾಕದಂತೆ ಒಂದಿಷ್ಟು ಸರಿದು ಕೂತಳು. ಏನೂ ಮಾಡುವಂತಿರಲಿಲ್ಲ. ಅದು ಮುಗಿಯುವವರೆಗೂ ಅಲ್ಲೇ ಇದ್ದು, ಮನೆಗೆ ಬಂದು ನಿಂತೇ ಒಂದು ರೊಟ್ಟಿ ತಿಂದು ಮಲಗಿದಳು. ಮರುದಿನದಿಂದ ಕಚೇರಿಗೆ ಏನನ್ನೂ ಕಳಿಸಲಿಲ್ಲ.

ಆ ಬೇಸಿಗೆಯ ಕೊನೆಗೆ ಅಂಗಡಿಯಲ್ಲಿ ವಿಲ್ಬರ್ಟ್ ಸಿಕ್ಕ. ತಮಾಷೆಯೇನೂ ಮಾಡಲಿಲ್ಲ.

"ಈ ಸಲ ಕುರಿಮರಿ ಒಂದೂ ಹೋಗ್ಲಿಲ್ಲ," ಎಂದ.

"ಒಳ್ಳೇದಾಯ್ತಲ್ಲ," ಎಂದಳು ಓಸ್ಲಾ.

"ಹ್ಞೂಂ," ಎಂದು ಅವನು ತನ್ನ ಬೂಟಿನ ಕಡೆ ನೋಡುತ್ತ ನಿಂತ.

ಮರುವರ್ಷ ಏಪ್ರಿಲ್ ಬಂತು, ಹೋಯಿತು. ಉತ್ತರದ ಬಂಡೆಗಳ ಕಡೆ ಬೆರಳಲ್ಲಿ ಎಣಿಸುವಷ್ಟು ಹಕ್ಕಿಗಳು ಬಂದವೆಂದು ಮೀನುಗಾರರು ಹೇಳಿದರು. ವಾರ್ಡ್ ಗುಡ್ಡಕ್ಕೆ ಒಂದೂ ಬರಲಿಲ್ಲ. ಓಸ್ಲಾ ಎಂದಿನಂತೆ ಕೋಲನ್ನು ಚೀಲಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ನೆತ್ತಿಯವರೆಗೆ ಹೋಗಿ ಇಳಿದು ಮನೆಗೆ ಬಂದು ಚೀಲ ತೆಗೆಯುವಾಗ ಕೋಲು ಕೈಗೆ ತಾಗಿತು. ಇಡೀ ದಾರಿ ಅದನ್ನು ಯಾರೂ ಬಡಿದಿರಲಿಲ್ಲ. ಅಮ್ಮ ಸತ್ತ ಚಳಿಗಾಲದಲ್ಲೂ ಆ ಮನೆ ಅವಳಿಗೆ ಅಷ್ಟು ಖಾಲಿ ಎನಿಸಿರಲಿಲ್ಲ.

ಕೆಲವು ವಾರ ಗುಡ್ಡದ ಕಡೆ ಹೋಗದೆ ಉಳಿದಳು. ನಂತರ ಒಂದು ಕುರಿ ತಪ್ಪಿಸಿಕೊಂಡಿತೆಂದು ಹೋಗಬೇಕಾಯಿತು. ಮಳೆ ನಿಂತು ಬಿಸಿಲು ಓರೆಯಾಗಿ ಬಿದ್ದಿತ್ತು. ಗುಡ್ಡವೆಲ್ಲ ಕಂದು, ನಡುನಡುವೆ ಮಾತ್ರ ದೂರಕ್ಕೆ ಅಂಗೈಯಗಲ ಕಾಣುವ ಹಸಿರು. ಏನೆಂದು ನೋಡಿದರೆ ಬಾಂಕ್ಸಿಗಳ ದಿಬ್ಬಗಳು. ಹಕ್ಕಿ ತಲೆಮಾರುಗಟ್ಟಲೆ ನಿಂತು ಹಿಕ್ಕೆ ಹಾಕಿದ ಜಾಗದಲ್ಲಿ ಹುಲ್ಲು ದಟ್ಟವಾಗಿ, ಕೊಬ್ಬಿ ಬೆಳೆದಿತ್ತು. ಮೊದಲೂ ಇದ್ದದ್ದೇ, ಮೇಲೆ ಹಕ್ಕಿ ಇರುವಾಗ ಕೆಳಗಿನದನ್ನು ಅವಳು ನೋಡಿರಲಿಲ್ಲ, ಅಷ್ಟೆ.

ಕುರಿಯನ್ನು ಮನೆಗೆ ಅಟ್ಟಿ, ಕ್ಯಾಮೆರಾ ತೆಗೆದುಕೊಂಡು ವಾಪಸು ಹತ್ತಿದಳು. ಆ ಬೇಸಿಗೆಯೆಲ್ಲ ಒಂದೊಂದೇ ದಿಬ್ಬದ ಚಿತ್ರ ತೆಗೆದಳು. ಹಕ್ಕಿಯಿದ್ದಾಗ ಎಲ್ಲಿ ಮಲಗುತ್ತಿದ್ದಳೋ ಅಲ್ಲೇ ಮಲಗಿ, ಅದೇ ಎತ್ತರದಿಂದ. ಯಾಕೆ ತೆಗೆಯುತ್ತಿದ್ದೇನೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಲರ್ವಿಕ್‌ನಿಂದ ದೊಡ್ಡದಾಗಿ ಅಚ್ಚುಹಾಕಿಸಿ ತರಿಸಿದ ಕಟ್ಟನ್ನು ಬಿಚ್ಚಿ ನೋಡಿದವಳು ನೆಟ್ಟಾ.

"ಓಸ್ಲಾ, ಬರೀ ಹುಲ್ಲು ತೆಗ್ದಿದ್ದೀಯಲ್ಲೇ."

"ಹ್ಞೂಂ, ಹುಲ್ಲೇ."

ನೆಟ್ಟಾ ಇನ್ನೊಂದು ಸಲ ಎಲ್ಲವನ್ನೂ ತಿರುವಿ ನೋಡಿ, "ಭಾನುವಾರದ ಚಹಾಕೂಟಕ್ಕೆ ಊರಿನ ಹಾಲ್‌ನಲ್ಲಿ ಹಾಕು. ಗೋಡೆ ಖಾಲಿ ಇದೆ," ಎಂದಳು. ಓಸ್ಲಾ ಬೇಡವೆಂದಳು. ನೆಟ್ಟಾ ಕೇಳಲಿಲ್ಲ, ಮೊಳೆ, ಸುತ್ತಿಗೆ ತೆಗೆದುಕೊಂಡು ತಾನೇ ಹೋದಳು.

ಆ ಭಾನುವಾರ ಊರವರೂ, ಬಂದರಿನಲ್ಲಿ ದೋಣಿ ಕಟ್ಟಿದ್ದ ಕೆಲವು ಪ್ರವಾಸಿಗರೂ ಬಂದಿದ್ದರು. ಪ್ರವಾಸಿಗರು ಚಿತ್ರಗಳ ಮುಂದೆ ಒಂದು ಗಳಿಗೆ ನಿಂತು, ತಲೆ ಓರೆ ಮಾಡಿ ನೋಡಿ, ಕೇಕಿನ ಮೇಜಿನ ಕಡೆ ಸರಿದರು. ಊರವರು, "ಚೆನ್ನಾಗಿದೆ ಓಸ್ಲಾ, ಹಸಿರಾಗಿದೆ," ಎಂದರು. ಅವಳು ಚಹಾದ ಕೆಟಲಿನ ಹಿಂದೆ ಅವಿತಂತೆ ನಿಂತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದಳು.

ವಿಲ್ಬರ್ಟ್ ತಡವಾಗಿ ಬಂದ. ಕೈಯಲ್ಲಿ ತಟ್ಟೆ ಹಿಡಿದು ಮೊದಲ ಚಿತ್ರದ ಮುಂದೆ ನಿಂತವನು ಕದಲಲಿಲ್ಲ. ಓಸ್ಲಾ ಅವನ ಬಳಿಗೆ ಹೋದಳು.

"ಇದು ತೊರೆ ಹತ್ರದ್ದು," ಎಂದ ಅವನು. ಕೇಳಿದ್ದಲ್ಲ, ಹೇಳಿದ್ದು.

"ಹೌದು."

"ಇದರ ಮೇಲಿದ್ದವಳೇ ನನ್ ಟೋಪಿ ಹೊತ್ಕೊಂಡು ಹೋಗಿದ್ದು. ಕೆಂಪು ಪಟ್ಟೆದು. ನಮ್ಮಮ್ಮ ಹೆಣೆದಿದ್ದು. ಜವುಗಿನ ನಡೂಮಧ್ಯ ಬೀಳಿಸಿದ್ಲು, ಮುಂಡೇದು, ತೆಗಿಯೋಕೇ ಆಗ್ಲಿಲ್ಲ."

ಮುಂದಿನದಕ್ಕೆ ಹೋದ. "ಇದು ಹಳೇ ಕುರಿಗೂಡಿನ ಮೇಲ್ಗಡೆ. ಇವನು ಕುಂಟ. ಕುಂಟಿದ್ರೂ ನಾಯಿನ ಕೆಳಗಿನ ರಸ್ತೆವರೆಗೂ ಅಟ್ಟಿಸ್ಕೊಂಡು ಬರ್ತಿದ್ದ." ಅದರ ಮುಂದಿನದು. "ಇವರಿಬ್ರೂ ಕೊಳದ ಹತ್ರದೋರು. ಯಾವಾಗ್ಲೂ ಜಗಳ." ಹೀಗೆ ಗೋಡೆಯುದ್ದಕ್ಕೂ ಹೋದ. ಒಂದೂ ತಪ್ಪಲಿಲ್ಲ. ಅಷ್ಟು ವರ್ಷ ಬೈದು ಬೈದು ಅವನಿಗೆ ಅವೆಲ್ಲ ಗುರುತಾಗಿದ್ದವು. ಓಸ್ಲಾ ಜೊತೆಯಲ್ಲಿ ನಡೆದಳು.

ಕೊನೆಗೆ ಅವನು, "ಒಂದು ಬಿಟ್ಟಿದ್ದೀಯ," ಎಂದ.

"ಎಲ್ಲಿದು?"

"ನನ್ ಬೇಲಿ ಆಚೆ. ಎಲ್ಲಕ್ಕಿಂತ ದೊಡ್ಡದು ಅದೇ. ನೀನೆಲ್ಲಿ ನೋಡಿರ್ತೀಯ, ನಾನೇ ಬರ್ಬೇಡ ಅಂದಿದ್ನಲ್ಲ." ತಟ್ಟೆಯ ಕೇಕನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡ. "ನಾಳೆ ಬಾ. ಗೇಟು ತೆಗ್ದಿರ್ತೀನಿ."

ಮರುದಿನ ಮೋಡವಿತ್ತು, ಮಳೆಯಿರಲಿಲ್ಲ. ಇಬ್ಬರೂ ಹತ್ತಿದರು. ದಿಬ್ಬ ನಿಜಕ್ಕೂ ದೊಡ್ಡದು, ಮೊಣಕಾಲೆತ್ತರ, ಹಿಂದೆ ಬರೀ ಕಡಲು. ಓಸ್ಲಾ ಮಲಗಿ ಕಣ್ಣಿಗೆ ಕ್ಯಾಮೆರಾ ಹಿಡಿದು, ಬಹಳ ಹೊತ್ತು ಒತ್ತದೆ ಇದ್ದಳು.

"ವಿಲ್ಬರ್ಟ್, ಅದರ ಪಕ್ಕ ನಿಂತ್ಕೊಳ್ಳಿ."

"ನಾನಾ? ನಾನೇನು ಹಕ್ಕಿನಾ?"

"ಹಕ್ಕಿ ಇಲ್ವಲ್ಲ."

ಅವನು ಗೊಣಗಿದ. ಬಂದು ದಿಬ್ಬದ ಮೇಲೆ ಹತ್ತದೆ, ಒಂದು ಹೆಜ್ಜೆ ಈಚೆಗೆ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ, ಕಡಲಿನ ಕಡೆ ನೋಡಿದ. ಅವಳು ಮನುಷ್ಯರ ಚಿತ್ರ ತೆಗೆದದ್ದು ಅದೇ ಮೊದಲು.

"ಆಯ್ತಾ?"

"ಆಯ್ತು."

"ಹಂಗಾದ್ರೆ ನಾನು ಬರ್ತೀನಿ, ಕುರಿ ಕೂಡ್ಹಾಕ್ಬೇಕು," ಎಂದು ಅವನು ನಾಯಿಗೆ ಸಿಳ್ಳೆ ಹಾಕಿ ಇಳಿದು ಹೋದ. ಓಸ್ಲಾ ಬೆಳಕು ಹೋಗುವವರೆಗೂ ಅಲ್ಲೇ ಕೂತಿದ್ದಳು.

ಆ ಚಿತ್ರವನ್ನು ಅವಳು ಹಾಲ್‌ಗೆ ಕೊಡಲಿಲ್ಲ, ಅಡುಗೆಮನೆಯ ಗೋಡೆಗೆ ಹಾಕಿದಳು. ನವೆಂಬರಿನ ಒಂದು ಮಧ್ಯಾಹ್ನ, ಬಿರುಗಾಳಿಗೆ ಫೆರಿ ನಿಂತು ವಾರವಾಗಿದ್ದಾಗ, ವಿಲ್ಬರ್ಟ್ ಸೀಮೆಎಣ್ಣೆ ಕೇಳಲು ಬಂದು ಅದನ್ನು ನೋಡಿದ.

"ದಪ್ಪ ಕಾಣ್ತೀನಿ," ಎಂದ.

"ಇದ್ದಂಗೇ ಕಾಣ್ತೀರ," ಎಂದು ಓಸ್ಲಾ ಸೂಪು ಬಡಿಸಿದಳು.

ಅವನು ಕುಡಿದು, ಹವಾಮಾನದ ಮಾತಾಡಿ, ಎಣ್ಣೆ ತೆಗೆದುಕೊಂಡು ಹೋದ. ಓಸ್ಲಾ ಎರಡೂ ಬಟ್ಟಲು ತೊಳೆದಿಟ್ಟಳು. ಗಾಳಿ ಇನ್ನೂ ವಾಯವ್ಯದಿಂದಲೇ ಬೀಸುತ್ತಿತ್ತು. ಮರುದಿನವೂ ಫೆರಿ ಬರುವ ಹಾಗಿರಲಿಲ್ಲ.