ಬಿಡು ಅನ್ನುವವರೆಗೂ

ನಮ್ಮಣ್ಣ ಹಿಡಿದ ಮೊಲಕ್ಕೆ ಮೂರೇ ಕಾಲು. ಇದನ್ನು ಅವನ ಎದುರಿಗೇ ಹೇಳಿದ್ದೇನೆ, ಬೆನ್ನ ಹಿಂದೆ ಆಡಿಕೊಳ್ಳುವವಳಲ್ಲ ನಾನು. ಇಪ್ಪತ್ತಾರು ವರ್ಷದಿಂದ ಸ್ವಂತ ಲಾರಿ ಓಡಿಸುತ್ತಾನೆ. ಆಯಿಲ್ ಬದಲಾಯಿಸುವುದರಿಂದ ಹಿಡಿದು ಬ್ರೇಕ್ ಬಿಗಿ ಮಾಡುವವರೆಗೆ ಎಲ್ಲವೂ ಮನೆ ಪಕ್ಕದ ಖಾಲಿ ಜಾಗದಲ್ಲಿ, ಅವನ ಕೈಯಲ್ಲೇ ಆಗಬೇಕು. ಕಂಪನಿಯ ಸರ್ವೀಸ್ ಸೆಂಟರ್ ಎಂಬ ಮಾತೆತ್ತಿದರೆ ಸಾಕು, ಮುಖ ಸಿಂಡರಿಸುತ್ತಿದ್ದ.

"ಬಾಗಿಲಲ್ಲೇ ಕೀ ಇಸ್ಕೋತಾರೆ. ಒಳಗೇನ್ ಮಾಡಿದ್ರೋ ಆ ದೇವರಿಗೇ ಗೊತ್ತು. ಇಳಿಜಾರಲ್ಲಿ ಇಳಿಯೋನು ಅವನಲ್ಲ, ನಾನು," ಅನ್ನುತ್ತಿದ್ದ.

ಮಾತು ಸುಳ್ಳಲ್ಲ. ಅವನ ಲಾರಿ ದಾರಿ ಮಧ್ಯೆ ಕೆಟ್ಟು ನಿಂತದ್ದನ್ನು ನಾನು ಕೇಳಿಲ್ಲ.

ಆದರೆ "ಎಲ್ಲಾ ನಾನೊಬ್ನೇ" ಎಂದು ಅವನು ಕೊಚ್ಚಿಕೊಂಡಾಗ ನನಗೆ ನಗು ಬರುತ್ತಿತ್ತು. ಒಬ್ಬನೇ ಎಲ್ಲಿ ಬಂತು? ಕ್ಲಚ್ಚಿನ ಆಯಿಲ್ ಪೈಪಿನೊಳಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ, ಗೇರ್ ಸರಿಯಾಗಿ ಬೀಳುವುದಿಲ್ಲ. ಆ ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಲಾರಿಯ ಅಡಿಯಲ್ಲಿ ಮಲಗಿ ಸಣ್ಣ ನಟ್ಟೊಂದನ್ನು ಸಡಿಲಿಸಿ, ಗಾಳಿ ಹೊರಗೆ ಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವರು ಕಾಲು ತೆಗೆದರೆ ಮುಗಿಯಿತು ಕಥೆ, ಹೊರಗಿನ ಗಾಳಿಯೆಲ್ಲ ಒಳಗೆ. ಮತ್ತೆ ಮೊದಲಿಂದ ಶುರು.

ಮೇಲೆ ಕೂರುತ್ತಿದ್ದವಳು ನಮ್ಮತ್ತಿಗೆ. ನನ್ನ ಓರಗೆಯವಳು, ಗಿಡ್ಡಿ. ಪೆಡಲ್ ಎಟುಕಲಿ ಅಂತ ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಮಡಿಲಲ್ಲಿ ಬಟಾಣಿ ಇಟ್ಟುಕೊಂಡು ಸುಲಿಯುತ್ತಾ ಕೂರುತ್ತಿದ್ದಳು.

"ಒತ್ತು!" ಅಂತ ಕೆಳಗಿನಿಂದ ಅವನು.

"ಒತ್ತಿದೆ!"

"ಹಿಡ್ಕೋ!"

"ಹಿಡ್ಕೊಂಡೇ ಇದೀನಲ್ರೀ, ಇನ್ನೇನು ಹಾಡು ಹೇಳ್ಲಾ?"

"ಬಿಡು!"

"ಬಿಟ್ಟೆ!"

ಇಡೀ ಬೀದಿಗೆ ಕೇಳುತ್ತಿತ್ತು. ಮನೆಯೊಳಗೆ ಮಾತ್ರ ಅವನ ಬಾಯಿಗೆ ಬೀಗ. "ನಿಮ್ಮಣ್ಣನ ಹತ್ರ ನಾಲ್ಕು ಮಾತಾಡ್ಬೇಕು ಅಂದ್ರೆ ಲಾರಿನೇ ಕೆಡಬೇಕು ಕಣೇ," ಎಂದು ನಗುತ್ತಿದ್ದಳು. ಪೆಡಲಿನ ಗುಟ್ಟನ್ನೂ ಒಮ್ಮೆ ಹೇಳಿಕೊಟ್ಟಿದ್ದಳು: "ಗಾಳಿ ಇದ್ರೆ ನಾದಿದ ಹಿಟ್ಟು ತುಳಿದ ಹಾಗಿರುತ್ತೆ. ಹೋದ್ಮೇಲೆ ಕಲ್ಲು ಮೆಟ್ಟಿಲು ತುಳಿದ ಹಾಗೆ."

ಹೋದ ವರ್ಷ, ಹತ್ತೇ ದಿನದ ಜ್ವರಕ್ಕೆ, ಅತ್ತಿಗೆ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ನಾನು ಎರಡು ಬೀದಿ ಆಚೆ ಇರುವವಳು, ಸಂಜೆ ಹೋಗಿ ನೋಡಿ ಬರುತ್ತಿದ್ದೆ. ಒಂದೇ ತಟ್ಟೆ, ಒಂದೇ ಲೋಟ ತೊಳೆದು ಬೋರಲು ಹಾಕಿರುತ್ತಿದ್ದ. ಮನೆಯಲ್ಲಿ ದೀಪವಿಲ್ಲ. ಅವನು ಲಾರಿಯಲ್ಲಿ ಕೂತಿರುತ್ತಿದ್ದ, ಅದೂ ಅತ್ತಿಗೆ ಕೂತು ಪೆಡಲ್ ಒತ್ತುತ್ತಿದ್ದ ಸೀಟು ಖಾಲಿ ಬಿಟ್ಟು, ಪಕ್ಕದ ಸೀಟಿನಲ್ಲಿ. ಒಳಗೆ ಬಾರೋ ಅಂದರೆ "ಬರ್ತೀನಿ ಹೋಗು" ಅನ್ನುವುದು, ಅಷ್ಟೇ.

ಎರಡು ತಿಂಗಳ ಹಿಂದೆ ಕ್ಲಚ್ ಮೆತ್ತಗಾಯಿತು. ಪೆಡಲಿಗೆ ಕೋಲು ಸಿಕ್ಕಿಸಿ ನೋಡಿದ, ಜಾರಿತು. ಕಂಪನಿಗೆ ತಗೊಂಡು ಹೋಗೋ ಅಂದೆ.

"ಇದಕ್ಕೆ ಅಲ್ಲಿಗೆ ಹೋದ್ರೆ, ಅವಳಿಲ್ಲ ಅಂತ ನಾನೇ ಬರೆದು ಕೊಟ್ಟ ಹಾಗಾಗುತ್ತೆ," ಅಂದ.

ಅತ್ತಿಗೆ ಹೋದ ಮೇಲೆ ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಸರಿ, ನಾನೇ ಒತ್ತುತ್ತೇನೆ ಅಂತ ಸೆರಗು ಕಟ್ಟಿ ಹತ್ತಿ ಕೂತೆ. ನಾನು ಬಟ್ಟೆ ಹೊಲಿದು ಬದುಕುವವಳು. ಈ ಕಾಲು ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ತುಳಿಯುವುದು ಗೊತ್ತು, ತುಳಿದು ಸುಮ್ಮನಿರುವುದು ಗೊತ್ತಿಲ್ಲ. ಮೂರನೆಯ ಸಲಕ್ಕೆ ಹಾಳು ಕಾಲು ತಾನಾಗಿಯೇ ಮೇಲೆದ್ದಿತು. ಗಾಳಿಯೆಲ್ಲ ಒಳಗೆ ಹೋಯಿತು. ಮತ್ತೆ ಮಾಡಿದೆವು, ಮತ್ತೆ ಅದೇ. ಬೈದಿದ್ದರೆ ತಿರುಗಿಸಿ ನಾನೂ ಎರಡು ಅಂದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಕೈ ಒರೆಸಿಕೊಂಡು, "ಹೋಗ್ಲಿ ಬಿಡು, ನಿನಗೆ ಹೊಲಿಯೋ ಕೆಲಸ ಇರುತ್ತೆ," ಅಂದ.

ಮಾರನೆಯ ದಿನ ಬೇರೆ ದಾರಿಯಿಲ್ಲದೆ, ಒಂದೇ ಗೇರಿನಲ್ಲಿ ಲಾರಿ ತೆವಳಿಸುತ್ತಾ ಕಂಪನಿಗೆ ಹೊರಟ. ನಾನೂ ಜೊತೆಗೆ ಹೋದೆ. ಲಾರಿಯನ್ನು ಬಾಗಿಲಲ್ಲೇ ಇಸ್ಕೊಂಡರು, ನಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಆಚೆ ಒಬ್ಬನೇ ಮೆಕ್ಯಾನಿಕ್ಕು, ಇಸ್ತ್ರಿ ಮಾಡಿದ ಅಂಗಿ. ಡಬ್ಬದಂಥ ಒಂದು ಯಂತ್ರ ತಂದು ಪೈಪು ಸಿಕ್ಕಿಸಿ ಸ್ವಿಚ್ಚು ಒತ್ತಿದ. ಲಾರಿಯ ಮೇಲೆ ಯಾರೂ ಹತ್ತಲಿಲ್ಲ. ಅಣ್ಣ ಎದ್ದು ಹೋಗಿ ಮೇಜಿನ ಹಿಂದಿನ ಹುಡುಗಿಯನ್ನು ಕೇಳಿದ, "ಪೆಡಲ್ ಒತ್ತೋರು ಎಲ್ಲಮ್ಮಾ?"

"ಇದಕ್ಕೆ ಇಬ್ರು ಬೇಡ ಸಾರ್. ಒಬ್ರೇ ಸಾಕು."

ಅಣ್ಣ ಬಂದು ಕುರ್ಚಿಯಲ್ಲಿ ಕುಸಿದ. ಕಾಲು ಗಂಟೆಯಲ್ಲಿ ಲಾರಿ ಕೊಟ್ಟರು, ಮನೆಯವರೆಗೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಗೇರ್ ಬಿದ್ದವು.

ಆ ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ನಿಂತ. "ಅವರು ಸರಿಯಾಗಿ ಮಾಡಿಲ್ಲ. ಗಾಳಿ ಉಳಿದಿದೆ. ಸ್ವಲ್ಪ ಬರ್ತೀಯಾ?"

ಕಂಪನಿಯವರಿಗೆ ದಾರಿಯುದ್ದಕ್ಕೂ ಶಾಪ ಹಾಕುತ್ತಾ ಹೋದೆ. ಹತ್ತಿ ಕೂತೆ. ಅತ್ತಿಗೆಯ ದಿಂಬು ಬೆನ್ನಿಗೆ ಸಿಕ್ಕಿತು. ಅಣ್ಣ ಅಡಿಯಲ್ಲಿ ನುಸುಳಿದ.

"ಒತ್ತು!"

ಒತ್ತಿದೆ. ಕಾಲಿಗೆ ಸಿಕ್ಕಿದ್ದು ಕಲ್ಲು ಮೆಟ್ಟಿಲು. ಗಾಳಿಯೂ ಇಲ್ಲ, ಎಂಥದೂ ಇಲ್ಲ. ಇಪ್ಪತ್ತಾರು ವರ್ಷ ಲಾರಿ ಓಡಿಸಿದವನಿಗೆ ಇದು ಗೊತ್ತಾಗದೆ ಇರುತ್ತದೆಯೇ? ಕೆಳಗಿನಿಂದ ಸ್ಪಾನರಿನ ಸದ್ದು ಬರಲಿಲ್ಲ. ಅವನ ದನಿ ಮಾತ್ರ ಬಂತು.

"ಹೇಗಿದೆ? ಮೆತ್ತಗಿದೆಯಾ?"

"ಮೆತ್ತಗಿದೆ ಅಣ್ಣ. ಇನ್ನೂ ತುಂಬಾ ಗಾಳಿ ಇದೆ."

"ಹಾಗಾದ್ರೆ ಹಿಡ್ಕೋ. ನಾನು ಹೇಳೋವರೆಗೂ ಬಿಡಬೇಡ."

"ಹಿಡ್ಕೊಂಡೇ ಇದೀನಿ," ಅಂದೆ, ಬೀದಿಗೆಲ್ಲ ಕೇಳುವ ಹಾಗೆ.

ಈ ಸಲ ನನ್ನ ಕಾಲು ಅಲುಗಲಿಲ್ಲ.